ಇಪ್ಪತ್ತೆರಡು ವರ್ಷ ಬೆಂದೆ

ಪೋಸ್ಟರ್ ಬಂದದ್ದು ಮಗಳ ಮೊಬೈಲಿಗೆ. ಯಶ್ಮಿತಾ ಉಡುಪಿಯ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಸಂಜೆ ಕಾಪುವಿನಲ್ಲಿ ಬಸ್ಸಿಳಿದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ಅಮ್ಮನ ಮುಖದ ಮುಂದೆ ಹಿಡಿದಳು. ಚಂಪಾ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಎಲೆ ತುಂಬಿದ ತಡ್ಪೆ, ಬಿದಿರಿನ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು.

“ನೋಡು ಅಮ್ಮ, ನಿನ್ನ ಕೈ ಫೇಮಸ್ ಆಯ್ತು.”

ಕೈ ಅವಳದೇ. ಎಡ ಮಣಿಕಟ್ಟಿನ ಮೂಳೆ ಸ್ವಲ್ಪ ಸೊಟ್ಟಗಿರುವುದರಿಂದ ಬೇರೆಯವರದ್ದು ಎನ್ನುವ ಹಾಗಿರಲಿಲ್ಲ. ಬೆರಳ ನಡುವೆ ಬೀಡಿ ಎಲೆ, ಬಿಗಿಯಾಗಿ ಎಳೆದ ನೂಲು. ಮುಖ ಇರಲಿಲ್ಲ. ಮೇಲೆ ಸಾಕ್ಷ್ಯಚಿತ್ರದ ಹೆಸರು: ‘ಗುಂಡು ತಾಗದ ಗಾಯ’. ಕೆಳಗೆ ಕೆಂಪಕ್ಷರದಲ್ಲಿ ‘ಇಪ್ಪತ್ತೆರಡು ವರ್ಷ ಬೆಂದೆ’. ಅದರಡಿಯಲ್ಲಿ, ಸಣ್ಣದಾಗಿ, ‘ಒಬ್ಬ ಯೋಧನ ಪತ್ನಿ’.

ಚಂಪಾ ಒಂಬತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಒಂದು ಸಲ ಓದಿದಳು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದಳು.

“ನಾನು ಬೆಂದದ್ದು ಯಾವಾಗ?”

“ನೀನೇ ಹೇಳಿದ್ದಂತಲ್ಲ.”

“ನಾನು ಹೇಳಿದ್ದು ತುಳುವಿನಲ್ಲಿ ಮಾರಾಯ್ತಿ!”

ಯಶ್ಮಿತಾಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕಂಬ ಹಿಡಿದು ನಕ್ಕಳು. ತುಳುವಿನಲ್ಲಿ ‘ಬೆನ್ಪುನಿ’ ಎಂದರೆ ದುಡಿಯುವುದು, ಮೈಮುರಿದು ಕೆಲಸ ಮಾಡುವುದು. ‘ಬೆಂದೆ’ ಎಂದರೆ ಕೆಲಸ ಮಾಡಿದೆ. ಅವೇ ಅಕ್ಷರಗಳು ಕನ್ನಡಕ್ಕೆ ಬಂದರೆ ಒಲೆಯ ಮೇಲಿನ ಗೆಣಸಿನ ಪಾಡು. ಚಂಪಾ ಕ್ಯಾಮೆರಾದ ಮುಂದೆ ಕೂತು, ಇರ್ವತ್ತರಡ್ಡ್ ವರ್ಸ ಬೆಂದೆ, ಎಂದಿದ್ದಳು. ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ ಎಂದು. ಚಿತ್ರ ತೆಗೆದವನಿಗೆ ಅದು ಸಂಕಟದಲ್ಲಿ ಬೆಂದು ಬೂದಿಯಾದೆ ಎಂದು ಕೇಳಿಸಿತ್ತು.

ಮಗಳು ಇನ್ನೂ ನಗುತ್ತಿದ್ದಳು. ಚಂಪಾ ನಗಲಿಲ್ಲ. ತಡ್ಪೆಯನ್ನು ಮಡಿಲಿನಿಂದ ಎತ್ತಿ ನೆಲಕ್ಕಿಟ್ಟಳು. ಮೊದಲು ಒಂದು ಅಂಚು, ಆಮೇಲೆ ಇನ್ನೊಂದು ಅಂಚು, ಸದ್ದಿಲ್ಲದೆ. ಎಷ್ಟು ಸಿಟ್ಟು ಬಂದರೂ ಅವಳಿಗೆ ವಸ್ತುಗಳನ್ನು ಕುಕ್ಕಿ ಬರುವುದಿಲ್ಲ. ಆ ಸ್ವಾತಂತ್ರ್ಯ ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು.

ಗಂಡ ಕರುಣಾಕರ ಕಾರ್ಕಳದವನು. ಸೇನೆಯಲ್ಲಿದ್ದವನು, ತೊಂಬತ್ತೊಂಬತ್ತರಲ್ಲಿ ಕಾರ್ಗಿಲ್ ಬೆಟ್ಟಗಳಲ್ಲಿದ್ದವನು. ಎರಡು ವರ್ಷ ಕಳೆದು ಮದುವೆಯಾಯಿತು. ಹುಡುಗಿಯ ಕಡೆಯವರಿಗೆ ಯಾರೂ ಏನೂ ಹೇಳಲಿಲ್ಲ. ‘ಮಾತು ಕಡಿಮೆ, ಒಳ್ಳೆಯ ಹುಡುಗ’ ಎಂದಷ್ಟೇ ಹೇಳಿದರು. 2003ರಲ್ಲಿ ಉತ್ತರದ ಯಾವುದೋ ಸೇನಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ನಾಲ್ಕು ತಿಂಗಳಿದ್ದು, ಕೆಲಸದಿಂದ ಬಿಡುಗಡೆಯಾಗಿ ಅವನು ಮನೆಗೆ ಬಂದಾಗ ಜೊತೆಗೊಂದು ಕಾಗದ ಬಂತು. ಅದರ ಕೊನೆಯ ಸಾಲು, ‘ಕುಟುಂಬದ ಆರೈಕೆಗೆ ಒಪ್ಪಿಸಲಾಗಿದೆ’.

ಕುಟುಂಬ ಎಂದರೆ ಯಾರು ಎಂದು ಕಾಗದದಲ್ಲಿ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ತೋರಿರಲಿಕ್ಕಿಲ್ಲ. ಆ ಮನೆಯಲ್ಲಿ ಮಾವ ಇದ್ದರು, ಗಂಡನ ಅಣ್ಣಂದಿರು ಇಬ್ಬರಿದ್ದರು, ಅತ್ತೆ ಪುಷ್ಪಾವತಿ ಇದ್ದರು. ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಕೊನೆಗೆ ಪಾತ್ರೆ ತೊಳೆಯುತ್ತಿದ್ದವಳ ಒದ್ದೆ ಕೈಯಲ್ಲಿ ನಿಂತಿತು. ಅಲ್ಲಿಂದ ಮುಂದೆ ಅದು ಎಲ್ಲಿಗೂ ಹೋಗಲಿಲ್ಲ.

ಮೊದಲ ವಾರದಲ್ಲೇ ಅವಳ ಮಣಿಕಟ್ಟು ಮುರಿಯಿತು. ಬೆಳಿಗ್ಗೆ ಕಾಫಿ ತಂದು ಭುಜ ಮುಟ್ಟಿ ಎಬ್ಬಿಸಿದ್ದಳು, ಅಷ್ಟೇ. ಕಣ್ಣು ಬಿಡುವ ಮೊದಲೇ ಅವನ ಕೈ ಅವಳ ಕೈಯನ್ನು ತಿರುವಿತ್ತು. ಎಚ್ಚರಾದ ಮೇಲೆ ಅವನು ಮೂಲೆಯಲ್ಲಿ ಕೂತು ನಡುಗುತ್ತಿದ್ದ. ಅವಳು ನೋವಿನಲ್ಲೂ ಮೊದಲು ನೆಲದ ಮೇಲೆ ಚೆಲ್ಲಿದ ಕಾಫಿ ಒರೆಸಿದಳು. ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರು “ಹೇಗಾಯಿತು?” ಎಂದಾಗ ಅವಳು ಬಾಯಿ ತೆರೆಯುವ ಮೊದಲೇ ಅತ್ತೆ “ಬಚ್ಚಲಲ್ಲಿ ಜಾರಿದ್ದು” ಎಂದರು. ಬರುವಾಗ ಬಸ್ಸಿನಲ್ಲಿ, “ಗಂಡಸರನ್ನು ಹಾಗೆಲ್ಲ ಮುಟ್ಟಿ ಎಬ್ಬಿಸ್ಲಿಕ್ಕುಂಟಾ?” ಎಂದು ಬೈದರು.

ಎಬ್ಬಿಸುವುದು ಹೇಗೆಂದು ಅವಳೇ ಕಂಡುಕೊಂಡಳು. ಕೋಣೆಯ ಬಾಗಿಲಲ್ಲಿ, ಮಂಚದಿಂದ ಆರು ಹೆಜ್ಜೆ ದೂರ ನಿಂತು, ಮೊದಲು ಊರಿನ ಹೆಸರು, ಆಮೇಲೆ ವಾರ, ಆಮೇಲೆ ತನ್ನ ಹೆಸರು ಹೇಳುವುದು. “ಇದು ಕಾರ್ಕಳ. ಇವತ್ತು ಬುಧವಾರ. ನಾನು ಚಂಪಾ.” ಅವನು ಕಣ್ಣು ಬಿಟ್ಟು ಮಾಡಿನ ಹಂಚು ನೋಡಿ “ಹ್ಞೂಂ” ಎನ್ನುವ ತನಕ. ಕೆಲವು ದಿನ ಒಂದೇ ಸಲಕ್ಕೆ, ಕೆಲವು ದಿನ ನಲವತ್ತು ಸಲ. ಒಲೆಯ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ.

ಕಾರ್ಕಳದ ಮನೆಯ ಹಿಂದೆ ಕಲ್ಲಿನ ಕೋರೆ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಬಂಡೆ ಸಿಡಿಸುತ್ತಿದ್ದರು. ಎರಡು ಹೊತ್ತೂ ಅವನು ಮಂಚದಡಿ. ಭಾವಂದಿರು ನಕ್ಕರು. ಚಂಪಾ ಆರು ತಿಂಗಳು ಊರೂರು ಅಲೆದಳು, ಸದ್ದಿಲ್ಲದ ಜಾಗ ಹುಡುಕಿ. ಸಂತೆಕಟ್ಟೆಯಲ್ಲಿ ಹೆದ್ದಾರಿಯ ಲಾರಿ. ಅಂಬಲಪಾಡಿಯಲ್ಲಿ ಮದುವೆ ಹಾಲ್, ಗರ್ನಾಲ್ ಪಟಾಕಿ. ಸದ್ದಿಲ್ಲದ ಜಾಗ ಲೋಕದಲ್ಲೇ ಇಲ್ಲ ಎಂದು ಗೊತ್ತಾದ ಮೇಲೆ ಅವಳ ತಲೆಗೆ ಹೊಳೆಯಿತು: ಬೇಕಾದದ್ದು ಸದ್ದಿಲ್ಲದ ಜಾಗ ಅಲ್ಲ, ನಿಲ್ಲದ ಸದ್ದಿರುವ ಜಾಗ. ಕಾಪುವಿನಲ್ಲಿ ಕಡಲಿಗೆ ಹತ್ತಿರದ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದಳು. ಹಗಲಿರುಳು ಅಲೆಯ ಮೊರೆತ. ಅದರಡಿಯಲ್ಲಿ ಸಣ್ಣಪುಟ್ಟ ಸದ್ದು ಮುಚ್ಚಿಹೋಗುತ್ತದೆ.

ಉಳಿದ ಸದ್ದುಗಳನ್ನು ಅವಳು ಮುಚ್ಚಿದಳು. ಆ ಮನೆಯಲ್ಲಿ ಕುಕ್ಕರ್ ಇಲ್ಲ. ಕುಚ್ಚಲಕ್ಕಿಯನ್ನು ಒಂದು ಕುದಿ ಬರಿಸಿ, ಪಾತ್ರೆಯನ್ನು ಹಳೆ ಬಟ್ಟೆ ತುಂಬಿದ ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾಳೆ, ಅದು ತನ್ನಷ್ಟಕ್ಕೆ ಬೇಯುತ್ತದೆ. ಸಾಸಿವೆ ಸಿಡಿಸುವುದಿಲ್ಲ. ಗೇಟಿನ ಚಿಲಕಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದಾಳೆ. ತೆಂಗಿನಕಾಯಿ ಕೀಳುವವನಿಗೆ ಕಾಯಿ ಎಸೆಯಬೇಡ, ಗೊನೆಗೆ ಹಗ್ಗ ಕಟ್ಟಿ ಇಳಿಸು ಎಂದು ಪ್ರತಿ ಸಲ ಗೋಗರೆಯುತ್ತಾಳೆ. ಅವನು ಪ್ರತಿ ಸಲ ಗೊಣಗುತ್ತಾನೆ. ದೀಪಾವಳಿಗೆ ವಾರದ ಮೊದಲೇ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಪಟಾಕಿ ಎಷ್ಟು ಗಂಟೆಗೆ ಎಂದು ಕೇಳಿ ಬರುತ್ತಾಳೆ. ಗುಡುಗಿಗೆ ಮಾತ್ರ ಯಾರನ್ನು ಕೇಳುವುದು? ಮಳೆಗಾಲದ ಶುರುವಿನಲ್ಲಿ ಅವಳು ಬಾಗಿಲಲ್ಲಿ ಆಕಾಶ ನೋಡುತ್ತ ನಿಲ್ಲುತ್ತಾಳೆ. ಮಿಂಚು ಕಂಡ ಕೂಡಲೇ ಒಳಗೆ ತಿರುಗಿ, “ಈಗ ಬರ್ತದೆ” ಎನ್ನುತ್ತಾಳೆ. ಹೇಳಿ ಬಂದ ಗುಡುಗಿಗೆ ಅವನು ಅಷ್ಟು ಬೆದರುವುದಿಲ್ಲ. ಹೇಳದೆ ಬಂದದ್ದು ಮಾತ್ರ ಅವನಿಗೆ ಶೆಲ್ ದಾಳಿ.

ಇಷ್ಟರ ನಡುವೆ ಹೆತ್ತಳು, ಮಗಳನ್ನು ಅಳದ ಹಾಗೆ ಸಾಕಿದಳು. ಅಳದ ಮಗು ಎಂದು ಊರು ಹೊಗಳಿತು. ಮಗು ಬಾಯಿ ತೆರೆಯುವ ಮೊದಲು ಎದೆ ಕೊಡಲು ತಾಯಿ ಎಷ್ಟು ಸಲ ಎದ್ದಳು ಎಂದು ಊರು ಕೇಳಲಿಲ್ಲ. ಬೀಡಿ ಕಟ್ಟಿ ಕಂಪೆನಿಯ ಬ್ರಾಂಚಿಗೆ ಕೊಟ್ಟಳು. ಸದ್ದಿಲ್ಲದ ಸಂಪಾದನೆ ಬೇರೆ ಯಾವುದೂ ಇರಲಿಲ್ಲ. ಜನ ಕೇಳಿದರೆ, “ಚಂಪಾ ಮನೆಯಲ್ಲೇ ಇರುವುದು” ಎನ್ನುತ್ತಿದ್ದರು.

ಈ ಮೇ ತಿಂಗಳಲ್ಲಿ ಗಡಿಯಲ್ಲಿ ಮತ್ತೆ ಕಾಳಗ ಶುರುವಾಯಿತು. ಟಿವಿಯವರು ಸುದ್ದಿಗೆ ಸೈರನ್ ಹಾಕಿದರು. ಚಂಪಾ ತನ್ನ ಮನೆಯ ಕೇಬಲ್ ಕಿತ್ತಳು. ಆದರೆ ನೆರೆಮನೆಗಳ ಸೈರನ್? ಹನ್ನೊಂದು ಮನೆಗೆ ಹೋಗಿ ಸ್ವಲ್ಪ ಸಣ್ಣ ಮಾಡಿ ಎಂದು ಕೈಮುಗಿದಳು. ಒಬ್ಬ, “ಸೈನಿಕನ ಮನೆಯವರಾಗಿ ನಿಮಗೇ ದೇಶಪ್ರೇಮ ಇಲ್ವಾ?” ಎಂದ. ಆ ದಿನಗಳಲ್ಲೇ ಸಾಕ್ಷ್ಯಚಿತ್ರ ತೆಗೆಯುವ ಅಭಿರಾಮ್ ಬಂದದ್ದು. ಅಜ್ಜನ ಮನೆ ಉಡುಪಿಯಲ್ಲಿ, ಬೆಳೆದದ್ದು ಪುಣೆಯಲ್ಲಿ. ಕನ್ನಡ ಚೆನ್ನಾಗಿ ಬರುತ್ತದೆ, ತುಳು ‘ಅರ್ಥ ಆಗುತ್ತದೆ’. ಯುದ್ಧದಿಂದ ಮನಸ್ಸು ಗಾಯಗೊಂಡು ಚಿಕಿತ್ಸೆ ಪಡೆದ ಸೈನಿಕರ ಬಗ್ಗೆ ಚಿತ್ರ. ಯುದ್ಧದ ಹೊತ್ತಿನಲ್ಲೇ ಜನ ಇದನ್ನು ನೋಡಬೇಕು ಎಂದ. ಮಾತು ಸರಿಯಾಗಿತ್ತು. ಚಂಪಾಳಿಗೂ ಹೌದೆನಿಸಿತು.

ಹನ್ನೊಂದು ದಿನ ಐದು ಜನ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಊಟ, ನಾಲ್ಕು ಸಲ ಚಹಾ. ಒಬ್ಬನಿಗೆ ಮೀನು ಆಗುವುದಿಲ್ಲ, ಇನ್ನೊಬ್ಬನಿಗೆ ಮೀನಿಲ್ಲದೆ ಆಗುವುದಿಲ್ಲ. ಯಾರೂ ತಟ್ಟೆ ಎತ್ತಲಿಲ್ಲ. ಧ್ವನಿ ಹಿಡಿಯುವವನು ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, “ಎಷ್ಟು ಶಾಂತ ಮನೆ! ನಾನು ಇಷ್ಟು ನಿಶ್ಶಬ್ದ ಎಲ್ಲೂ ರೆಕಾರ್ಡ್ ಮಾಡಿಲ್ಲ” ಎಂದ. ಅಭಿರಾಮ್ ಕಡಲ ಕಡೆ ನೋಡಿ, “ಈ ಜಾಗದ ಗುಣ” ಎಂದ. ಚಂಪಾ ಆಗ ಐದು ಸ್ಟೀಲ್ ಲೋಟಗಳನ್ನು ನಡುವೆ ಬಟ್ಟೆ ಇಟ್ಟು ಒಂದರೊಳಗೊಂದು ಜೋಡಿಸುತ್ತಿದ್ದಳು.

ಇಪ್ಪತ್ತೆರಡು ವರ್ಷ ಅವಳಿಗೆ ಹೇಳದ್ದನ್ನು ಕರುಣಾಕರ ಕ್ಯಾಮೆರಾಗೆ ಹದಿನೈದು ನಿಮಿಷದಲ್ಲಿ ಹೇಳಿದ. ಬಂಕರ್, ಮೂವರು ಗೆಳೆಯರು, ಹಿಮದ ಬಣ್ಣ. ಅಡುಗೆಮನೆಯಲ್ಲಿ ಚಹಾ ಸೋಸುತ್ತ ಅವಳು ಅದನ್ನು ಕೇಳಿಸಿಕೊಂಡಳು. ಆಮೇಲೆ ಅವಳ ಸರದಿ ಬಂತು. ಅಭಿರಾಮ್, “ನಿಮಗೆ ಹೇಗನಿಸಿತು ಆಂಟಿ?” ಎಂದು ಕೇಳಿದ. ಅವಳು ಹೇಗನಿಸಿತು ಎಂದು ಹೇಳಲಿಲ್ಲ, ಏನು ಮಾಡಿದೆ ಎಂದು ಹೇಳಿದಳು. ಎಬ್ಬಿಸುವುದು, ಕೋರೆ, ಕಡಲು, ಗುಡುಗು. ಎರಡು ಗಂಟೆ. ಯಾರೂ ಇಷ್ಟು ಹೊತ್ತು ಅವಳನ್ನು ಕೇಳಿದ್ದೇ ಇಲ್ಲ. ಕೊನೆಗೆ ಉಸಿರೆಳೆದು ಆ ಒಂದು ಮಾತು ಹೇಳಿದ್ದಳು.

ಆ ಎರಡು ಗಂಟೆಯಲ್ಲಿ ಉಳಿದದ್ದು ಅದೊಂದೇ ಎಂದು ಈಗ ಪೋಸ್ಟರ್ ಹೇಳುತ್ತಿತ್ತು. ಅದೂ ಕೆಟ್ಟು.

ಚಂಪಾ ಫೋನ್ ಮಾಡಿದಳು.

“ಅಭಿರಾಮ್, ನಾನು ಬೆಂದಿಲ್ಲ ಮಾರಾಯ್ರೆ. ಕೆಲಸ ಮಾಡಿದೆ ಅಂತ ಹೇಳಿದ್ದು. ಅದನ್ನು ಸರಿ ಮಾಡಿ.”

ಅವನ ದನಿಯಲ್ಲಿ ಹುರುಪು ಬಂತು. “ಹೌದಾ ಆಂಟಿ? ಅಯ್ಯೋ, ಎಷ್ಟು ಚೆಂದ! ಎರಡೂ ಅರ್ಥ ಬರ್ತದಲ್ಲ. ಅದು ಕಾವ್ಯ.”

“ನನಗೆ ಕಾವ್ಯ ಬೇಡ.”

“ಪೋಸ್ಟರ್ ಪ್ರಿಂಟ್ ಆಗಿದೆ. ಧ್ವನಿಯ ಕೆಲಸ ಮುಗಿದಿದೆ. ಶನಿವಾರ ಮಣಿಪಾಲದಲ್ಲಿ ತೋರಿಸ್ತೇವೆ, ಆಮೇಲೆ ಸೈನಿಕರ ಕುಟುಂಬಗಳಿಗೆ ಊರೂರಲ್ಲಿ. ಒಂದು ಶಬ್ದಕ್ಕೆ ಎಲ್ಲ ಬಿಚ್ಚಲಿಕ್ಕಾಗುವುದಿಲ್ಲ ಆಂಟಿ. ಮತ್ತೆ, ಸರ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರಲ್ಲ.”

ಊರೂರಲ್ಲಿ. ಫೋನಿಟ್ಟ ಮೇಲೆ ಅವಳ ಕಿವಿಯಲ್ಲಿ ಉಳಿದದ್ದು ಆ ಶಬ್ದ. ಊರೂರಲ್ಲಿ ಹೆಂಗಸರು ಕೂತು ನೋಡುತ್ತಾರೆ: ಗಂಡ ಗುಣವಾಗಬೇಕಾದರೆ ಹೆಂಡತಿ ಬೇಯಬೇಕು. ಬೇಯುವುದಕ್ಕೆ ಎಂತ ಉಂಟು? ಯಾರು ಬೇಕಾದರೂ ಬೇಯಬಹುದು, ಒಲೆಯ ಮೇಲೆ ಕೂತರಾಯಿತು. ಕೆಲಸ ಮಾಡಿದೆ ಎಂದರೆ ಮಾತ್ರ, ಎಂತ ಕೆಲಸ, ಹೇಗೆ, ಎಷ್ಟು, ಯಾಕೆ ನೀನೊಬ್ಬಳೇ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯೇ ಬೇಕಿತ್ತು ಅವಳಿಗೆ.

ಕರುಣಾಕರ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ.

“ಬಿಡು ಮಾರಾಯ್ತಿ. ಬೆಂದೆ ಅಂದ್ರೂ ಕೆಲಸ ಮಾಡಿದೆ ಅಂದ್ರೂ ಒಂದೇ ಅಲ್ವಾ? ನೀನು ಕಷ್ಟಪಟ್ಟದ್ದು ಜನರಿಗೆ ಗೊತ್ತಾಗ್ತದೆ.”

ಅವಳು ಅವನ ಎದುರಿಗೆ ಹೋಗಿ ನಿಂತಳು. “ನಿಮಗೆ ಗೊತ್ತುಂಟಾ ನಾನು ಎಂತ ಮಾಡಿದ್ದು ಅಂತ?”

“ಗೊತ್ತಿಲ್ವಾ ಮತ್ತೆ? ನನ್ನ ಜೊತೆ ಇದ್ದಿ. ಸಹಿಸಿಕೊಂಡಿ.”

“ನಮ್ಮ ಸಾರಿಗೆ ಒಗ್ಗರಣೆ ಯಾಕಿಲ್ಲ?”

“ಒಗ್ಗರಣೆಯಾ?” ಅವನು ನಿಜವಾಗಿ ಯೋಚಿಸಿದ. “ನಿನಗೆ ಸಾಸಿವೆ ಇಷ್ಟ ಇಲ್ಲ ಅಂತ ಎಣಿಸಿದ್ದೆ.”

ಅವನ ಮುಖದಲ್ಲಿ ಕುಹಕ ಇರಲಿಲ್ಲ. ಸುಳ್ಳಿರಲಿಲ್ಲ. ಅದೇ ಅವಳನ್ನು ಉರಿಸಿತು. ಬೈಯುವ ಗಂಡನಿಗೆ ಉತ್ತರ ಕೊಡಬಹುದು. ತಾನು ಉಸಿರಾಡುವ ಗಾಳಿಯನ್ನು ಒಬ್ಬಳು ದಿನವೂ ಜರಡಿ ಹಿಡಿದು ಕೊಡುತ್ತಿದ್ದಾಳೆ ಎಂದು ಗೊತ್ತೇ ಇಲ್ಲದವನಿಗೆ ಏನು ಹೇಳುವುದು?

“ಆ ಕಾಗದ ಎಲ್ಲಿ? ನೀವು ಸಹಿ ಹಾಕಿದ್ದು.”

ಪೆನ್ಷನ್ ಪುಸ್ತಕದ ಜೊತೆ ಇತ್ತು. ಯಶ್ಮಿತಾ ವಕೀಲರ ಕಚೇರಿಯ ಗತ್ತಿನಲ್ಲಿ ಬೆರಳಿಟ್ಟು ಓದಿದಳು. “ಕರುಣಾಕರ ಎಂಬ ನಾನು, ನನ್ನ ಚಿತ್ರ, ನನ್ನ ಧ್ವನಿ, ನನ್ನ ಕಥೆ...” ಎರಡನೇ ಪುಟ ತಿರುಗಿಸಿದಳು. ಮತ್ತೆ ಮೊದಲಿಗೆ ಬಂದಳು.

“ಅಮ್ಮ, ಇದರಲ್ಲಿ ನೀನೇ ಇಲ್ಲ.”

“ಇಲ್ವಾ?”

“ಎಲ್ಲೂ ಇಲ್ಲ. ನಿನ್ನಿಂದ ಸಹಿ ತೆಗೆದುಕೊಳ್ಳಬೇಕು ಅಂತ ಅವರಿಗೆ ಹೊಳೆದೇ ಇಲ್ಲ. ಅಪ್ಪನ ಸಹಿಯಿಂದ ನಿನ್ನ ಕೈ ತೋರಿಸ್ಲಿಕ್ಕಾಗುದಿಲ್ಲ ಅವರಿಗೆ. ಸ್ವರ ಕೇಳಿಸ್ಲಿಕ್ಕೂ ಇಲ್ಲ.”

ಚಂಪಾ ಬಹಳ ಹೊತ್ತು ಆ ಕಾಗದ ನೋಡಿದಳು. “ಒಳ್ಳೆಯದಾಯ್ತು,” ಎಂದಳು.

ಶನಿವಾರ ಮಧ್ಯಾಹ್ನ ಮಣಿಪಾಲಕ್ಕೆ ಹೋಗಲು ಅವಳಿಗೆ ಎರಡು ದಿನದ ತಯಾರಿ ಬೇಕಾಯಿತು. ನಾಲ್ಕು ಗಂಟೆ ಮನೆಯಲ್ಲಿ ಅವಳಿಲ್ಲದಿದ್ದರೆ ಆಗುವ ಸದ್ದುಗಳನ್ನೆಲ್ಲ ಮೊದಲೇ ಯೋಚಿಸಬೇಕಿತ್ತು. ಪಕ್ಕದ ಮನೆಯ ಲಿಯೋನೆಲ್, ನಿವೃತ್ತ ಬಸ್ ಕಂಡಕ್ಟರ್, ಜೊತೆಗಿರಲು ಒಪ್ಪಿದ. ಅವನಿಗೆ ಎಲ್ಲ ಹೇಳಿಕೊಟ್ಟಳು: ಹಿಂದಿನಿಂದ ಹೋಗಬೇಡಿ, ಮೊಬೈಲ್ ಸದ್ದು ತೆಗೆಯಿರಿ, ನಿದ್ದೆ ಬಂದರೆ ಮುಟ್ಟಬೇಡಿ. ಲಿಯೋನೆಲ್ ತಲೆ ಕೆರೆದು, “ಚಂಪಕ್ಕ, ಸೀಟಿ ಊದುವುದೂ ಬೇಡ ಅಲ್ವಾ?” ಎಂದ. ಅವಳು ನಕ್ಕಳು. ಆ ವಾರದಲ್ಲಿ ಅದೊಂದೇ ಸಲ.

ಸಭಾಂಗಣದಲ್ಲಿ ಎ.ಸಿ. ತಣ್ಣಗಿತ್ತು. ಚಂಪಾ ಮತ್ತು ಯಶ್ಮಿತಾ ಮೂರನೇ ಸಾಲಿನಲ್ಲಿ ಕೂತರು. ಚಿತ್ರ ಕೆಟ್ಟದಾಗಿರಲಿಲ್ಲ, ಅದನ್ನು ಅವಳು ಒಪ್ಪಿಕೊಳ್ಳಬೇಕಾಯಿತು. ನಾಲ್ವರು ಸೈನಿಕರು. ಒಬ್ಬ ಕ್ಯಾಮೆರಾ ಕಂಡರೆ ಮುಖ ಮುಚ್ಚುತ್ತಿದ್ದ, ಒಬ್ಬನಿಗೆ ಮಾತಿನ ನಡುವೆ ನಾಲಿಗೆ ಕಟ್ಟುತ್ತಿತ್ತು. ಕರುಣಾಕರ ಹಿಮದ ಬಣ್ಣ ಹೇಳುವಾಗ ಅವಳ ಕಣ್ಣೂ ತುಂಬಿತು. ಆಮೇಲೆ ಕಾಪುವಿನ ಕಡಲು ಬಂತು, ಕೊಳಲು ಬಂತು. ‘ಕಡಲು ಅವನನ್ನು ಕರೆಯಿತು,’ ಎಂದಿತು ಹಿನ್ನೆಲೆಯ ದನಿ. ಚಂಪಾ ಕುರ್ಚಿಯ ಕೈ ಹಿಡಿದುಕೊಂಡಳು. ಮನಃಶಾಸ್ತ್ರದ ತಜ್ಞೆ ವೇದಾವತಿ ಪರದೆಯ ಮೇಲೆ ಬಂದು, “ಎಚ್ಚರಿಸುವಾಗ ಸ್ಥಳ, ದಿನ, ಹೆಸರು ಹೇಳುವುದು ಬಹಳ ಪರಿಣಾಮಕಾರಿ ಕ್ರಮ. ಈ ಕುಟುಂಬ ಅದನ್ನು ಸಹಜವಾಗಿಯೇ ಅಳವಡಿಸಿಕೊಂಡಿದೆ” ಎಂದರು. ಸಹಜವಾಗಿ! ಯಶ್ಮಿತಾ ಅಮ್ಮನ ಸೊಟ್ಟ ಮಣಿಕಟ್ಟಿನ ಮೇಲೆ ಕೈ ಇಟ್ಟಳು.

ಕೊನೆಗೆ ಬೀಡಿ ಕಟ್ಟುವ ಕೈ. ಚಂಪಾಳ ಸ್ವರ ಎರಡು ಶಬ್ದ ಕೇಳಿಸಿತು, ಆಮೇಲೆ ಇಳಿಯಿತು. ಅದರ ಮೇಲೆ ಬೇರೆ ಯಾರೋ ಹೆಂಗಸಿನ ಜೇನಿನಂಥ ಕನ್ನಡ: “ಇಪ್ಪತ್ತೆರಡು ವರ್ಷ... ನಾನು ಬೆಂದುಹೋದೆ.” ಸಭಾಂಗಣದಲ್ಲಿ ಮೂಗು ಸೀಟುವ ಸದ್ದು. ದೀಪ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಹೆಸರು ಕುಶಲಾ, ಅಜೆಕಾರಿನವಳು. ಗಂಡ ಮೇ ತಿಂಗಳ ಕಾಳಗದಲ್ಲಿದ್ದು ಈಗ ರಜೆಯಲ್ಲಿ ಬಂದಿದ್ದಾನೆ ಎಂದಳು. “ಗೇಟ್ ಸದ್ದಾದ್ರೆ ನೆಲಕ್ಕೆ ಮಲಗ್ತಾರೆ. ನಾನು ಮನೆಯಲ್ಲಿ ಎಂತ ಮಾಡ್ಬೇಕು ಮೇಡಂ?”

ವೇದಾವತಿ ವೇದಿಕೆಯಿಂದ ಮೆಲುದನಿಯಲ್ಲಿ, “ಔಷಧಿ ನಾವು ನೋಡ್ತೇವೆ. ನಿಮ್ಮಿಂದ ಬೇಕಾದದ್ದು ತಾಳ್ಮೆ. ಈಗ ನೋಡಿದಿರಲ್ಲ, ಆ ತಾಯಿಯ ಹಾಗೆ” ಎಂದರು.

ಚಂಪಾ ಎದ್ದು ನಿಂತಳು. ಮೈಕ್ ಕೊಡಲು ಬಂದರು, ಬೇಡ ಎಂದಳು.

“ಆ ತಾಯಿ ನಾನೇ. ನನಗೆ ತಾಳ್ಮೆ ಇಲ್ಲ. ಯಾವತ್ತೂ ಇರಲಿಲ್ಲ.” ಕನ್ನಡದಲ್ಲಿ ಶುರುಮಾಡಿದವಳು ಸಭೆಯನ್ನೊಮ್ಮೆ ನೋಡಿದಳು. “ಇಲ್ಲಿ ತುಳು ಬರುವವರು ಎಷ್ಟು ಜನ ಇದ್ದೀರಿ? ಬೆಂದೆ ಅಂದ್ರೆ ಎಂತ, ಹೇಳಿ.”

“ಕೆಲಸ ಮಾಡಿದೆ!” ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಅರ್ಧ ಸಭಾಂಗಣಕ್ಕೆ ತಪ್ಪು ಹೊಳೆಯಿತು. ನಗು ಎದ್ದಿತು, ಸಾಲಿನಿಂದ ಸಾಲಿಗೆ ಹೋಯಿತು. ವೇದಿಕೆಯ ಮೇಲೆ ಅಭಿರಾಮ್ ಕೆಂಪಾದ.

“ನಗಬೇಡಿ,” ಎಂದಳು ಚಂಪಾ. ನಗು ನಿಂತಿತು. “ನಾನು ಇವರಿಗೆ ಎರಡು ಗಂಟೆ ಹೇಳಿದ್ದು ನಾನು ಮಾಡಿದ ಕೆಲಸ. ಇವರಿಗೆ ಅಳುವ ಹೆಂಗಸು ಬೇಕಿತ್ತು, ಸಿಗಲಿಲ್ಲ. ಹಾಗಾಗಿ ಒಂದು ಶಬ್ದ ಹಿಡಿದು ನನ್ನನ್ನು ಬೇಯಿಸಿದರು. ಕಡಲು ಯಾರನ್ನೂ ಕರೆಯಲಿಲ್ಲ ಸ್ವಾಮಿ. ಆರು ತಿಂಗಳು ಬಸ್ಸಿನಲ್ಲಿ ಅಲೆದು ಆ ಮನೆ ಹುಡುಕಿದ್ದು ನಾನು. ಸಹಜವಾಗಿ ಯಾವುದೂ ಬರಲಿಲ್ಲ ಮೇಡಂ. ನನ್ನ ಕೈ ಮುರಿದು ಬಂದದ್ದು.” ಅವಳು ಕೈ ಎತ್ತಿ ತೋರಿಸಿದಳು. “ಈ ಹುಡುಗಿ ಎಂತ ಮಾಡ್ಬೇಕು ಅಂತ ಕೇಳ್ತಾಳೆ. ತಾಳ್ಮೆ ಅಂತೀರಿ. ತಾಳ್ಮೆಯಿಂದ ಗೇಟಿನ ಸದ್ದು ನಿಲ್ತದಾ?”

ಚಂಪಾ ಅಭಿರಾಮ್ ಕಡೆ ತಿರುಗಿದಳು.

“ಇನ್ನೊಂದು. ನಿಮ್ಮ ಕಾಗದದಲ್ಲಿ ನನ್ನ ಸಹಿ ಇಲ್ಲ. ನನ್ನ ಕೈ, ನನ್ನ ಸ್ವರ, ಎರಡೂ ತೆಗೆಯಿರಿ. ಇಲ್ಲದಿದ್ದರೆ ನಾನು ಹೇಳಿದ್ದನ್ನು ಹೇಳಿದ ಹಾಗೆ ಹಾಕಿ. ಅಲ್ಲಿವರೆಗೆ ಇದನ್ನು ಯಾವ ಊರಿನಲ್ಲೂ ತೋರಿಸ್ಲಿಕ್ಕಿಲ್ಲ.”

ಹೊರಗೆ ಅಭಿರಾಮ್ ಓಡಿ ಬಂದ. ಹೊಸ ಒಪ್ಪಿಗೆ ಪತ್ರ, ಪೆನ್ನು ಎರಡೂ ಕೈಯಲ್ಲಿ. “ಆಂಟಿ, ನಂದು ತಪ್ಪು. ‘ದುಡಿದೆ’ ಅಂತ ಹಾಕಿಸ್ತೇನೆ. ಇಲ್ಲಿ ಒಂದು ಸಹಿ...”

“ದುಡಿದೆ ಮಾತ್ರ ಸಾಕಾಗುದಿಲ್ಲ. ಎಂತ ದುಡಿದೆ ಅಂತ ಬೇಕು.”

“ಚಿತ್ರ ಉದ್ದ ಆಗ್ತದೆ ಆಂಟಿ.”

“ಕೊಳಲು ತೆಗೆಯಿರಿ.”

ಅವನು ಬ್ಯಾಗಿಗೆ ಕಾಗದ ಹಾಕಿಕೊಂಡು ಒಳಗೆ ಹೋದ. ಕುಶಲಾ ಕಂಬದ ಬಳಿ ಕಾಯುತ್ತಿದ್ದಳು, ಕೈಯಲ್ಲಿ ಪುಸ್ತಕ ಪೆನ್ನು. “ಅಕ್ಕ, ನೀವು ಮಾಡಿದ್ದನ್ನೆಲ್ಲ ನನಗೆ ಬರೆದುಕೊಳ್ಬೇಕಿತ್ತು.”

ಚಂಪಾ ಆ ತೆರೆದ ಪುಸ್ತಕದ ಮೇಲೆ ಕೈ ಇಟ್ಟಳು. “ಮನೆಯಲ್ಲಿ ಯಾರೆಲ್ಲ ಇದ್ದೀರಿ?”

“ಮಾವ, ಅತ್ತೆ, ಗಂಡನ ತಮ್ಮ ವಿಕಾಸ್.”

“ತಮ್ಮ ಎಂತ ಮಾಡ್ತಾನೆ?”

“ಬಂದಿದ್ದಾನೆ. ಹೊರಗೆ ಬೈಕಿನಲ್ಲಿ ಕೂತಿದ್ದಾನೆ.”

“ಅವನನ್ನು ಒಳಗೆ ಕರಿ. ಪುಸ್ತಕ ಅವನ ಕೈಗೆ ಕೊಡು. ಅವನು ಬರೆಯಲಿ.”

ಕುಶಲಾ ಹಿಂಜರಿದಳು. ಚಂಪಾ ತಾನೇ ಹೊರಗೆ ಹೋಗಿ ಕರೆದಳು. ಇಪ್ಪತ್ತೈದರ ಯುವಕ ಹೆಲ್ಮೆಟ್ ಹಿಡಿದು ಪೆಚ್ಚಾಗಿ ನಿಂತ. ಅವಳು ಒಂದು ಗಂಟೆ ಅವನಿಗೆ ಹೇಳಿದಳು. ಅವನು ಮೂರು ಪುಟ ಬರೆದ. “ಇದೆಲ್ಲ ಅತ್ತಿಗೆ...” ಎಂದು ಬಾಯಿ ತೆರೆದಾಗ, “ಅತ್ತಿಗೆ ಅಲ್ಲ. ಗೇಟಿಗೆ ಟ್ಯೂಬ್ ಕಟ್ಲಿಕ್ಕೆ ನಿನಗೆ ಬರುದಿಲ್ವಾ?” ಎಂದಳು. ಬರುತ್ತದೆ ಎಂದ.

ಮೂರು ವಾರ ಕಳೆದು ಅಭಿರಾಮ್ ಕಾಪುವಿಗೆ ಬಂದ. ಬೇರೆ ಯಾರನ್ನೂ ಕರೆದುಕೊಂಡು ಬಂದಿರಲಿಲ್ಲ. ಲ್ಯಾಪ್‌ಟಾಪನ್ನು ಜಗಲಿಯ ಸ್ಟೂಲಿನ ಮೇಲಿಟ್ಟು ತೆರೆದ. ಕಡಲಿನ ಮಾತು ಹೋಗಿತ್ತು. ಜೇನಿನ ದನಿ ಹೋಗಿತ್ತು. ಚಂಪಾಳ ಮುಖ ಇತ್ತು, ಅವಳ ತುಳು ಇತ್ತು, ಕೆಳಗೆ ಕನ್ನಡದ ಅಕ್ಷರ, ಮೊದಲಿಗೆ ಅವಳ ಹೆಸರು. ಅವಳ ಭಾಗವೇ ಹತ್ತೊಂಬತ್ತು ನಿಮಿಷ. ಅವಳು ಎರಡು ಕಡೆ ನಿಲ್ಲಿಸಿ ತಪ್ಪು ತೋರಿಸಿದಳು. ಅವನು ಅಲ್ಲೇ ತಿದ್ದಿದ. ಆಮೇಲೆ ಅವಳು ಒಪ್ಪಿಗೆ ಪತ್ರವನ್ನು ಮಗಳಿಗೆ ಕೊಟ್ಟು ಓದಿಸಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

“ಇನ್ನೊಂದು ಸಲ ಹಾಕಿ,” ಎಂದಳು. “ಇವರು ನೋಡಲಿ.”

ಕರುಣಾಕರ ಒಳಗಿನಿಂದ ಬಂದು ಕೂತ. ಪರದೆಯ ಮೇಲಿನ ಚಂಪಾ ಬಾಗಿಲಲ್ಲಿ ನಿಂತು ಎಬ್ಬಿಸುವುದನ್ನು ಹೇಳಿದಳು. ಮಣಿಕಟ್ಟು ಹೇಳಿದಳು. ಅವನು ತನ್ನ ಕೈ ನೋಡಿಕೊಂಡ. ಕೋರೆ, ಬಸ್ಸು, ಹನ್ನೊಂದು ಮನೆ. ಗುಡುಗಿನ ಮಾತು ಬಂದಾಗ ಅವನು ಥಟ್ಟನೆ ಅವಳ ಕಡೆ ತಿರುಗಿದ. ಪ್ರತಿ ಸಲವೂ ಇವಳು ಬಾಗಿಲಲ್ಲಿ ನಿಂತದ್ದು ಮಳೆ ನೋಡಲಿಕ್ಕೆ, ‘ಈಗ ಬರ್ತದೆ’ ಎಂದದ್ದೂ ಮಳೆಗೇ ಎಂದು ಅವನು ತಿಳಿದಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

“ಇದೆಲ್ಲ ನನಗೆ ಯಾಕೆ ಹೇಳಲಿಲ್ಲ ಚಂಪಾ?”

“ಹೇಳುವುದೂ ಒಂದು ಕೆಲಸ,” ಎಂದಳು ಅವಳು. “ಅದಕ್ಕೆ ಪುರಸೊತ್ತಾಗಲಿಲ್ಲ.”

ಅವನು ಏಳಲು ನೋಡಿದ. ಕಣ್ಣು ಕಡಲ ಕಡೆ ಹೋಗಿತ್ತು. ತಡೆಯಲಾಗದ್ದು ಬಂದಾಗಲೆಲ್ಲ ಅವನು ಎದ್ದು ಅಲ್ಲಿಗೆ ಹೋಗುತ್ತಾನೆ, ಅವಳು ದಾರಿ ಬಿಡುತ್ತಾಳೆ. ಈ ಸಲ ಅವಳು ಮೆಟ್ಟಿಲಿನಿಂದ ಕಾಲು ಸರಿಸಲಿಲ್ಲ.

“ಕೂತುಕೊಳ್ಳಿ. ಇನ್ನೂ ಹನ್ನೊಂದು ನಿಮಿಷ ಉಂಟು.”